ಮುಟ್ಟಿ ನೋಡದ ಗಿರಾಕಿಗೆ ಸರಕು ತೋರಿಸುವುದು ಹೇಗೆ?

ಉಂಡೆ ಕೊಬ್ಬರಿ ಕೊಳ್ಳಲು ಬಂದ ವ್ಯಾಪಾರಿ ಏನೇನು ಮಾಡುತ್ತಾನೆಂಬುದನ್ನು ಕಡೂರು ಸೀಮೆಯ ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾನೆ. ಒಂದನ್ನು ಒಡೆಸಿ ಒಳಗಿನ ಬಣ್ಣ ನೋಡುತ್ತಾನೆ. ಚೂರನ್ನು ಬಾಯಿಗೆ ಹಾಕಿಕೊಂಡು ಎಣ್ಣೆಯ ಅಂಶ ಅಂದಾಜು ಮಾಡುತ್ತಾನೆ. ಆಮೇಲೆ ಮುಖ ಸಿಂಡರಿಸಿಕೊಂಡು ಒಂದು ಬೆಲೆ ಹೇಳುತ್ತಾನೆ. ನೀವೂ ಮುಖ ಸಿಂಡರಿಸುತ್ತೀರಿ. ಹೀಗೆ ವ್ಯಾಪಾರ ಕುದುರುತ್ತದೆ.

ಈಗ ಬರುತ್ತಿರುವ ಹೊಸ ಗಿರಾಕಿ ಇದಾವುದನ್ನೂ ಮಾಡುವುದಿಲ್ಲ. ಅದಕ್ಕೆ ಕೈಯಿಲ್ಲ, ಮೂಗಿಲ್ಲ, ನಾಲಿಗೆಯಿಲ್ಲ. ನೀವು ಬರೆದುಕೊಟ್ಟದ್ದನ್ನು ಓದುತ್ತದೆ. ಬರೆಯದೆ ಬಿಟ್ಟದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಪಾಡಿದ ಕೊಬ್ಬರಿಯಾದರೂ ಸರಿ, ಪಟ್ಟಿಯಲ್ಲಿ ಸರಿಯಾಗಿ ಬರೆದಿಲ್ಲವಾದರೆ ಅದು ಇದ್ದೂ ಇಲ್ಲದಂತೆ. ಆದುದರಿಂದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ರೈತ ಉತ್ಪಾದಕ ಸಂಸ್ಥೆಗಳವರೂ ಮಹಿಳಾ ಸ್ವಸಹಾಯ ಸಂಘಗಳವರೂ, ಮನೆಯಲ್ಲೇ ಪೊಟ್ಟಣ ಕಟ್ಟಿ ಮಾರುವವರೂ ಈ ವಾರದ ಲೇಖನವನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ. ಓದಲು ಬಾರದ ಹಿರಿಯರಿಗೆ ವಾಚನಾಲಯದಲ್ಲಿ ಯಾರಾದರೂ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಏಕೆಂದರೆ ಸರಕಿನ ಗುಣ ಗೊತ್ತಿರುವುದು ಅವರಿಗೇ.

ಯಾರು ಈ ಹೊಸ ಗಿರಾಕಿ?

ಪಟ್ಟಣಗಳಲ್ಲಿ ಜನರು ಫೋನಿನಲ್ಲಿ ಸಾಮಾನು ತರಿಸಿಕೊಳ್ಳುವುದು ಈಗ ಹಳೆಯ ಸುದ್ದಿ. ಹೊಸದೇನೆಂದರೆ, ಹುಡುಕುವ ಮತ್ತು ಆರಿಸುವ ಕೆಲಸವನ್ನೂ ಯಂತ್ರಕ್ಕೇ ಒಪ್ಪಿಸುವುದು. ಇದಕ್ಕೆ ಎಐ ಏಜೆಂಟ್ ಎಂದು ಹೆಸರು. ಏಜೆಂಟ್ ಎಂದ ಕೂಡಲೇ ನಿಮಗೆ ಮಂಡಿಯ ಕಮಿಷನ್ ಏಜೆಂಟರ ನೆನಪಾಗಬಹುದು. ಕೆಲಸ ಸ್ವಲ್ಪ ಅದೇ ಬಗೆಯದು, ಆದರೆ ಇದು ಕೊಳ್ಳುವವರ ಕಡೆಯ ಏಜೆಂಟ್. ಮನುಷ್ಯನಲ್ಲ, ಕಂಪ್ಯೂಟರಿನಲ್ಲಿ ನಡೆಯುವ ಒಂದು ವ್ಯವಸ್ಥೆ. ಮನೆಯವರು ಮಾತಿನಲ್ಲಿ ಹೇಳಿದ್ದನ್ನು ಅರ್ಥ ಮಾಡಿಕೊಂಡು, ಹಲವು ಅಂಗಡಿಗಳ ಸರಕಿನ ಪಟ್ಟಿ ಹುಡುಕಿ, ಇಂತಿಂಥವು ಸರಿಹೊಂದುತ್ತವೆ ಎಂದು ಮುಂದಿಡುತ್ತದೆ. ಒಪ್ಪಿಗೆ ಸಿಕ್ಕರೆ ಕೊಳ್ಳುವ ಕೆಲಸವನ್ನೂ ಮುಗಿಸುವಂತೆ ಇದನ್ನು ಸಿದ್ಧಪಡಿಸುತ್ತಿದ್ದಾರೆ.

ಇದು ಅಮೆರಿಕದ ಕಥೆ, ನಮಗೇಕೆ ಎನ್ನಬೇಡಿ. 2025ರ ಅಕ್ಟೋಬರ್‌ನಲ್ಲಿ ನಮ್ಮ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ಬೆಂಗಳೂರಿನ ರೇಜರ್‌ಪೇ ಮತ್ತು ಅಮೆರಿಕದ ಓಪನ್‌ಎಐ ಕಂಪನಿಗಳು ಸೇರಿ, ಚಾಟ್‌ಜಿಪಿಟಿಯೊಡನೆ ಮಾತನಾಡುತ್ತಲೇ ಸಾಮಾನು ಆರಿಸಿ ಯುಪಿಐ ಮೂಲಕ ಹಣ ಕೊಡುವ ಪ್ರಯೋಗವನ್ನು ಪ್ರಕಟಿಸಿದವು. ಮೊದಲಿಗೆ ಸೇರಿದ ಮಾರಾಟಗಾರರಲ್ಲಿ ಬೆಂಗಳೂರಿನದೇ ಆದ ಬಿಗ್‌ಬಾಸ್ಕೆಟ್ ಇತ್ತು. ಹಾಗೆಂದು ನಾಳೆ ಬೆಳಗಾಗುವಷ್ಟರಲ್ಲಿ ಎಲ್ಲ ಬದಲಾಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬದಲಾದ ಮೇಲೆ ಕಲಿಯಲು ಹೊರಟರೆ ಹೊತ್ತಾಗಿರುತ್ತದೆ. ಕೊಳವೆ ಬಾವಿ ವಿಷಯದಲ್ಲಿ ನಮ್ಮ ಸೀಮೆ ಈ ಪಾಠವನ್ನು ಸಾಕಷ್ಟು ದುಡ್ಡು ಕೊಟ್ಟೇ ಕಲಿತಿದೆ.

ಸಣ್ಣ ಮಾರಾಟಗಾರರಿಗೆ ತೆರೆದಿರುವ ಒಂದು ದಾರಿ ಒಎನ್‌ಡಿಸಿ. ಕೇಂದ್ರ ಸರ್ಕಾರದ ಆಸರೆಯಲ್ಲಿ 2021ರ ಡಿಸೆಂಬರ್ ಕೊನೆಯಲ್ಲಿ ಸ್ಥಾಪನೆಯಾದ ಈ ಜಾಲವನ್ನು ಜನಸಾಮಾನ್ಯರಿಗೆ ಪ್ರಾಯೋಗಿಕವಾಗಿ ಮೊದಲು ತೆರೆದದ್ದು ನಮ್ಮ ಬೆಂಗಳೂರಿನಲ್ಲೇ, 2022ರ ಸೆಪ್ಟೆಂಬರ್ 30ರಂದು. ಇದು ಒಂದು ಅಂಗಡಿಯಲ್ಲ. ಸಂತೆ ಮಾಳ ಎನ್ನಿ. ಕೊಳ್ಳುವವರ ಆ್ಯಪ್ ಬೇರೆ, ಮಾರುವವರ ಆ್ಯಪ್ ಬೇರೆ, ಸಾಗಿಸುವವರು ಬೇರೆ. ಕೊಳ್ಳುವ ಕಡೆಯಿಂದ ಬಂದ ‘ಇಂಥದ್ದು ಬೇಕು’ ಎಂಬ ಕೋರಿಕೆಯನ್ನು, ತಳವಾರ ಡಂಗುರ ಸಾರಿದಂತೆ, ನಡುವಿನ ವ್ಯವಸ್ಥೆಯೊಂದು ಮಾರುವ ಆ್ಯಪ್‌ಗಳಿಗೆಲ್ಲ ಮುಟ್ಟಿಸುತ್ತದೆ. ಯಾರ ಬಳಿ ಪಟ್ಟಿ ಸಿದ್ಧವಿದೆಯೋ ಅವರ ಉತ್ತರ ಹೋಗುತ್ತದೆ. ದೇಶದಲ್ಲಿ ಸುಮಾರು 5000 ರೈತ ಉತ್ಪಾದಕ ಸಂಸ್ಥೆಗಳು ಈ ಜಾಲದಲ್ಲಿ ಹೆಸರು ನೋಂದಾಯಿಸಿವೆ ಎಂದು ಸರ್ಕಾರ 2024ರ ಫೆಬ್ರವರಿಯಲ್ಲೇ ತಿಳಿಸಿತ್ತು. ಹೆಸರು ನೋಂದಾಯಿಸುವುದು ಒಂದು, ಮಾರುವುದು ಇನ್ನೊಂದು. ನಡುವೆ ಇರುವುದೇ ಪಟ್ಟಿ.

ಮೊದಲು ಜರಡಿ, ಆಮೇಲೆ ಮೊರ

ಯಂತ್ರ ಹುಡುಕುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಬೆಂಗಳೂರಿನ ರಾಜಾಜಿನಗರದ ಗೃಹಿಣಿಯೊಬ್ಬರು ತಮ್ಮ ಫೋನಿಗೆ ಹೀಗೆ ಹೇಳುತ್ತಾರೆಂದು ಇಟ್ಟುಕೊಳ್ಳಿ: “ಗೌರಿ ಹಬ್ಬಕ್ಕೆ ಒಂದು ಕಿಲೋ ಉಂಡೆ ಕೊಬ್ಬರಿ ಬೇಕು. ಗಂಧಕದ ಹೊಗೆ ಕೊಟ್ಟಿರಬಾರದು. ಐನೂರು ರೂಪಾಯಿ ಮೀರಬಾರದು. ಶುಕ್ರವಾರದೊಳಗೆ ಮನೆಗೆ ಬರಬೇಕು.”

ಏಜೆಂಟ್ ಈ ಮಾತನ್ನು ಬಿಡಿಸಿಕೊಳ್ಳುತ್ತದೆ. ಪದಾರ್ಥ ಯಾವುದು, ಎಷ್ಟು ತೂಕ, ಬೆಲೆಯ ಮಿತಿ ಎಷ್ಟು, ತಲುಪಬೇಕಾದ ಪಿನ್ ಕೋಡ್ ಯಾವುದು, ಯಾವ ದಿನದೊಳಗೆ, ಇನ್ನೇನು ಷರತ್ತು. ಆಮೇಲೆ ತಾನೇ ಎಲ್ಲ ಅಂಗಡಿಗೂ ಓಡುವುದಿಲ್ಲ. ಪಟ್ಟಿ ಹುಡುಕುವ ಒಂದು ಸಾಧನವನ್ನು ಕೇಳುತ್ತದೆ. ಗ್ರಂಥಾಲಯದಲ್ಲಿ ಪುಸ್ತಕದ ರಾಶಿಗೆ ಕೈಹಾಕುವ ಬದಲು ಗ್ರಂಥಪಾಲಕರನ್ನು ಕೇಳಿದಂತೆ.

ಆ ಸಾಧನ ಎರಡು ಸಲ ಸೋಸುತ್ತದೆ. ಮೊದಲನೆಯದು ಜರಡಿ. ಇದರಲ್ಲಿ ದಾಕ್ಷಿಣ್ಯವಿಲ್ಲ. ಬೆಲೆ ಐನೂರಕ್ಕಿಂತ ಹೆಚ್ಚಿದ್ದರೆ ಹೊರಗೆ. ಆ ಪಿನ್ ಕೋಡಿಗೆ ಕಳುಹಿಸುವುದಿಲ್ಲವಾದರೆ ಹೊರಗೆ. ದಾಸ್ತಾನು ಸೊನ್ನೆ ಎಂದಿದ್ದರೆ ಹೊರಗೆ. ಮುಖ್ಯವಾಗಿ ಗಮನಿಸಬೇಕಾದದ್ದು: ತೂಕದ ಜಾಗ ಖಾಲಿ ಬಿಟ್ಟಿದ್ದರೆ ಸಾಮಾನ್ಯವಾಗಿ ಅದೂ ಹೊರಗೆ. ನಿಮ್ಮ ಪೊಟ್ಟಣ ನಿಜವಾಗಿಯೂ ಒಂದು ಕಿಲೋದ್ದೇ ಇರಬಹುದು. ಖಾಲಿ ಜಾಗ ನೋಡಿ ಅದನ್ನು ಊಹಿಸುವ ಗೋಜಿಗೆ ಜರಡಿ ಹೋಗುವುದಿಲ್ಲ.

ಎರಡನೆಯದು ಮೊರದಲ್ಲಿ ಕೇರಿದಂತೆ. ಇಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿಸುವುದಿಲ್ಲ, ಅರ್ಥಕ್ಕೆ ಅರ್ಥ ಹೊಂದಿಸುತ್ತದೆ. ಪ್ರತಿ ಸರಕಿನ ವಿವರಣೆಯನ್ನೂ ಯಂತ್ರ ಮೊದಲೇ ಅಂಕಿಗಳ ಸಾಲಾಗಿ ಮಾರ್ಪಡಿಸಿ ಇಟ್ಟುಕೊಂಡಿರುತ್ತದೆ. ಅರ್ಥ ಹತ್ತಿರವಾದ ಮಾತುಗಳ ಅಂಕಿಗಳೂ ಹತ್ತಿರ ಬರುವಂತೆ ಅದನ್ನು ಪಳಗಿಸಿರುತ್ತಾರೆ. ಹೀಗಾಗಿ ‘ಒಣ ತೆಂಗಿನಕಾಯಿ’ ಎಂದು ಕೇಳಿದವರಿಗೂ ‘ಕೊಬ್ಬರಿ’ ಸಿಗಬಹುದು. ‘ಹೊಗೆ ಕೊಟ್ಟಿಲ್ಲ, ನೆರಳಿನಲ್ಲಿ ಒಣಗಿಸಿದ್ದು’ ಎಂದು ನೀವು ಬರೆದಿದ್ದರೆ ಆ ಗೃಹಿಣಿಯ ಷರತ್ತಿಗೆ ಅದು ಹತ್ತಿರ ನಿಲ್ಲುತ್ತದೆ. ‘ಸೂಪರ್ ಕ್ವಾಲಿಟಿ, ನಂಬರ್ ಒನ್ ಮಾಲು’ ಎಂದು ಬರೆದಿದ್ದರೆ ಯಾವುದಕ್ಕೂ ಹತ್ತಿರ ನಿಲ್ಲುವುದಿಲ್ಲ. ಯಾರೂ ‘ನಂಬರ್ ಎರಡು ಮಾಲು’ ಎಂದು ಬರೆಯುವುದಿಲ್ಲವಲ್ಲ!

ಕೇರಿ ಉಳಿದ ಕೆಲವೇ ಸರಕುಗಳ ವಿವರವನ್ನು ಸಾಧನ ಏಜೆಂಟ್‌ಗೆ ಒಪ್ಪಿಸುತ್ತದೆ. ಏಜೆಂಟ್ ಅವನ್ನು ಓದಿ, ತೂಗಿ ನೋಡಿ, ಎರಡು ಮೂರನ್ನು ಮನೆಯವರ ಮುಂದಿಡುತ್ತದೆ. ಆ ಎರಡು ಮೂರರಲ್ಲಿ ಬಾರದಿದ್ದರೆ, ಗಿರಾಕಿಯ ಕಣ್ಣಿಗೆ ನೀವು ಬೀಳುವುದೇ ಇಲ್ಲ. ಅಂಗಡಿ ಬೀದಿಯಲ್ಲಾದರೆ ಹತ್ತನೆಯ ಅಂಗಡಿಯವನಿಗೂ ಒಮ್ಮೊಮ್ಮೆ ಬೋಣಿಯಾಗುತ್ತದೆ. ಇಲ್ಲಿ ಹತ್ತನೆಯವನಿಗೆ ಆ ಅವಕಾಶ ತೀರ ಕಡಿಮೆ.

ಎತ್ತಿನ ಹಲ್ಲು ಎಣಿಸಿದಂತೆ

ಪಟ್ಟಿ ಬರೆಯುವುದು ಓದಿದವರ ಕೆಲಸ, ನಮಗೆ ತಿಳಿಯುವುದಿಲ್ಲ ಎನ್ನುವವರಿಗೆ ಒಂದು ಮಾತು. ಅಮೃತ ಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದವರಿಗೆ ಇದನ್ನು ವಿವರಿಸಬೇಕೆ? ಜಾತ್ರೆಯಲ್ಲಿ ಜೋಡಿ ಮಾರುವಾಗ ‘ಒಳ್ಳೆಯ ಎತ್ತು’ ಎಂದು ಹೇಳಿ ಯಾರೂ ಸುಮ್ಮನಾಗುವುದಿಲ್ಲ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ, ಸುಳಿ ಎಲ್ಲಿದೆ, ಗಾಡಿಗೆ ಪಳಗಿದೆಯೋ ಬೇಸಾಯಕ್ಕೋ, ಬಲಕ್ಕೆ ಕಟ್ಟಬೇಕೋ ಎಡಕ್ಕೋ. ಕೇಳುವ ಮೊದಲೇ ಹೇಳುತ್ತೀರಿ. ಸರಕಿನ ಪಟ್ಟಿ ಎಂದರೆ ಇಷ್ಟೆ. ಕೊಳ್ಳುವವರು ಎದುರಿಗೆ ಇದ್ದಿದ್ದರೆ ಏನೇನು ಕೇಳುತ್ತಿದ್ದರೋ ಅದಕ್ಕೆಲ್ಲ ಮೊದಲೇ ಉತ್ತರ ಬರೆದಿಡುವುದು.

ಸಾಮಾನ್ಯವಾಗಿ ಬರೆಯುವ ಬಗೆ ಹೀಗಿರುತ್ತದೆ: ‘ಕೊಬ್ಬರಿ, ಒಳ್ಳೆ ಮಾಲು, ಬೆಲೆಗೆ ಫೋನ್ ಮಾಡಿ.’ ಏಜೆಂಟ್ ಫೋನ್ ಮಾಡುತ್ತಾ ಕೂರುವುದಿಲ್ಲ, ಬೆಲೆ ಬರೆದವರ ಕಡೆಗೆ ಹೋಗುತ್ತದೆ. ಅದೇ ಸರಕನ್ನು ಹೀಗೂ ಬರೆಯಬಹುದು:

‘ಉಂಡೆ ಕೊಬ್ಬರಿ, ಗೋಟಾ, ಒಣ ತೆಂಗಿನಕಾಯಿ. ತಿಪಟೂರು ಟಾಲ್ ತಳಿ. ಕಡೂರು ತಾಲ್ಲೂಕಿನ ತೋಟಗಳ ಕಾಯಿ. ಅಟ್ಟದ ಮೇಲೆ 11 ತಿಂಗಳು ನೆರಳಿನಲ್ಲಿ ಒಣಗಿಸಿದ್ದು. ಗಂಧಕದ ಹೊಗೆ ಕೊಟ್ಟಿಲ್ಲ. ಇಡೀ ಉಂಡೆ, ಕಿಲೋಗೆ 7ರಿಂದ 9 ಉಂಡೆ ತೂಗುತ್ತದೆ. ನಿವ್ವಳ ತೂಕ 1 ಕಿಲೋ. ಅಡುಗೆಗೆ, ಸಿಹಿ ತಿನಿಸಿಗೆ, ಪೂಜೆಗೆ. ಗಾಳಿಯಾಡದ ಡಬ್ಬಿಯಲ್ಲಿ ಒಣ ಜಾಗದಲ್ಲಿಡಿ.’ ಇದರ ಜೊತೆಗೆ ಪೊಟ್ಟಣ ಕಟ್ಟಿದ ತಿಂಗಳು, ಎಷ್ಟು ದಿನ ಕೆಡದೆ ಇರುತ್ತದೆ, ಬೆಲೆ, ದಾಸ್ತಾನು ಇವು ಅವವುಗಳ ಜಾಗದಲ್ಲಿ.

ಇದರಲ್ಲಿ ಒಂದು ಮಾತೂ ಬಣ್ಣದ್ದಲ್ಲ. ಪ್ರತಿಯೊಂದು ಮಾತೂ ಯಾರೋ ಒಬ್ಬ ಗಿರಾಕಿಯ ಪ್ರಶ್ನೆಗೆ ಉತ್ತರ. ಆದರೆ ನಿಜವಿದ್ದರೆ ಮಾತ್ರ ಬರೆಯಬೇಕು. ಆರು ತಿಂಗಳಿಗೇ ಇಳಿಸಿದ ಕಾಯಿಯನ್ನು ಹನ್ನೊಂದು ತಿಂಗಳಿನದೆಂದು ಬರೆದು ಕಳುಹಿಸಿ, ಅದು ದಾರಿಯಲ್ಲೇ ಬೂಷ್ಟು ಹಿಡಿದರೆ, ಆ ಗಿರಾಕಿ ಫೋಟೋ ಸಮೇತ ದೂರು ಬರೆಯುತ್ತಾರೆ. ಮುಂದಿನ ಸಲ ಹುಡುಕುವ ಏಜೆಂಟ್ ಆ ದೂರನ್ನೂ ಓದಬಲ್ಲದು. ಊರಿನ ವ್ಯಾಪಾರಿ ಮುನಿಸಿಕೊಂಡರೆ ಎರಡು ವರ್ಷಕ್ಕೆ ಮರೆಯುತ್ತಾನೆ. ಅಲ್ಲಿ ಬಿದ್ದ ದೂರು ಹಾಗೆಯೇ ಉಳಿಯುತ್ತದೆ.

‘ಸಾವಯವ’ ಎಂಬ ಪದದ ಬಗ್ಗೆ ವಿಶೇಷ ಎಚ್ಚರಿಕೆ ಇರಲಿ. ಗೊಬ್ಬರ ಅಂಗಡಿಗೆ ಹೋಗಲಿಲ್ಲವೆಂದ ಮಾತ್ರಕ್ಕೆ ಪೊಟ್ಟಣದ ಮೇಲೆ ಆ ಪದ ಹಾಕಿ ಅಂಗಡಿಗಳಿಗೆ, ಆ್ಯಪ್‌ಗಳಿಗೆ ಬಿಡುವಂತಿಲ್ಲ. ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಇರಬೇಕು. ಇಲ್ಲದಿದ್ದರೆ ಮಾಡಿದ್ದನ್ನೇ ಬರೆಯಿರಿ: ‘ಕೊಟ್ಟಿಗೆ ಗೊಬ್ಬರ ಹಾಕಿ ಬೆಳೆದದ್ದು, ಮಳೆ ಆಶ್ರಯದ ರಾಗಿ.’ ಇದೂ ಗಿರಾಕಿಗಳು ಹುಡುಕುವ ಗುಣವೇ.

ಬೆಲೆಯ ವಿಷಯದಲ್ಲಿ ಆಗುವ ಅನಾಹುತ ಅಳತೆಯದು. ಉಂಡೆ ಕೊಬ್ಬರಿಗೆ 2026ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,500 ರೂಪಾಯಿ, ಅಂದರೆ ಕಿಲೋಗೆ 125. ನಾವು ಮಾತನಾಡುವುದು ಕ್ವಿಂಟಾಲಿನ ಲೆಕ್ಕದಲ್ಲಿ, ಪಟ್ಟಿ ಕೇಳುವುದು ಪೊಟ್ಟಣದ ಲೆಕ್ಕದಲ್ಲಿ. ಕಿಲೋ ಪೊಟ್ಟಣದ ಜಾಗದಲ್ಲಿ ಕ್ವಿಂಟಾಲಿನ ಬೆಲೆ ಬಿದ್ದರೆ ಯಾವ ಜರಡಿಯಲ್ಲೂ ನೀವು ಉಳಿಯುವುದಿಲ್ಲ. ತೆಂಗಿನಕಾಯನ್ನು ನಾವು ನೂರು, ಸಾವಿರದ ಎಣಿಕೆಯಲ್ಲಿ ಮಾರುತ್ತೇವೆ. ಪಟ್ಟಣದವರು ಒಂದು, ಎರಡು ಎಂದು ಕೊಳ್ಳುತ್ತಾರೆ. ಎಣಿಕೆಯ ಜೊತೆಗೆ ಒಂದು ಕಾಯಿಯ ತೂಕ ಇಷ್ಟು ಗ್ರಾಮಿಗೆ ಕಡಿಮೆಯಿಲ್ಲ ಎಂದೂ ಬರೆದರೆ ಹೋಲಿಸಿ ನೋಡಲು ಯಂತ್ರಕ್ಕೆ ಆಧಾರ ಸಿಗುತ್ತದೆ.

ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳಿದ್ದರೆ ಮೂರಕ್ಕೂ ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ಬೆಲೆ, ಬೇರೆ ಬೇರೆ ದಾಸ್ತಾನು ನಮೂದಿಸಿ. ನಿಮ್ಮ ದನಗಳ ಕಿವಿಗೆ ಪಶುಪಾಲನಾ ಇಲಾಖೆಯವರು 12 ಅಂಕಿಗಳ ಬಿಲ್ಲೆ ಹಾಕಿರುವುದನ್ನು ನೋಡಿದ್ದೀರಿ. ಒಂದೇ ಬಿಲ್ಲೆಯನ್ನು ಮೂರು ಹಸುವಿಗೆ ಹಾಕಿದರೆ ವಿಮೆಯವರು ಏನು ಹೇಳುತ್ತಾರೋ ಇಲ್ಲಿಯೂ ಅದೇ ಆಗುತ್ತದೆ.

ಫೋಟೋವನ್ನೂ ಈ ಯಂತ್ರಗಳಲ್ಲಿ ಕೆಲವು ಓದಬಲ್ಲವು. ಬಿಳಿ ಬಟ್ಟೆಯ ಮೇಲೆ, ಹಗಲು ಬೆಳಕಿನಲ್ಲಿ, ಒಂದು ಇಡೀ ಉಂಡೆ, ಒಂದು ಒಡೆದದ್ದು, ಪೊಟ್ಟಣದ ಹಿಂದೆ ಮುಂದೆ. ಬೇರೆಯವರ ಫೋಟೋ ಕದ್ದು ಹಾಕಬೇಡಿ.

ಒಂದೇ ಕಾಳಿಗೆ ನಾಲ್ಕು ಹೆಸರು

ನಮ್ಮ ಉಂಡೆ ಕೊಬ್ಬರಿಗೆ ದೊಡ್ಡ ಗಿರಾಕಿಗಳು ಉತ್ತರ ಭಾರತದವರು. ಅವರು ಅದನ್ನು ‘ಗೋಲಾ’, ‘ಗೋಟಾ’, ‘ಸೂಖಾ ನಾರಿಯಲ್’ ಎನ್ನುತ್ತಾರೆ. ನಾವು ರಾಗಿ ಎನ್ನುವುದನ್ನು ಮಹಾರಾಷ್ಟ್ರದವರು ‘ನಾಚ್ಣಿ’ ಎಂದೂ ಉತ್ತರಾಖಂಡದ ಕಡೆಯವರು ‘ಮಂಡುವಾ’ ಎಂದೂ ತಮಿಳರು ‘ಕೇಳ್ವರಗು’ ಎಂದೂ ಇಂಗ್ಲಿಷ್ ಬಲ್ಲವರು ‘ಫಿಂಗರ್ ಮಿಲೆಟ್’ ಎಂದೂ ಕೇಳುತ್ತಾರೆ. ಸಾಮೆಗೆ ತಮಿಳಿನಲ್ಲಿ ‘ಸಾಮೈ’, ಹಿಂದಿಯಲ್ಲಿ ‘ಕುಟ್ಕಿ’, ಇಂಗ್ಲಿಷಿನಲ್ಲಿ ‘ಲಿಟಲ್ ಮಿಲೆಟ್’. ಯಂತ್ರಕ್ಕೆ ಹಲವು ಭಾಷೆ ಬರುತ್ತದೆ, ನಿಜ. ಆದರೆ ಎಲ್ಲ ಭಾಷೆಯೂ ಒಂದೇ ಸಮ ಬರುವುದಿಲ್ಲ. ಕನ್ನಡ ಇಂಗ್ಲಿಷಿನಷ್ಟು ಚೆನ್ನಾಗಿ ಬರುವುದಿಲ್ಲ. ಆದುದರಿಂದ ಮೇಲಿನ ಹೆಸರುಗಳನ್ನೆಲ್ಲ ಒಂದೇ ಸಾಲಿನಲ್ಲಿ ಬರೆದಿಡಿ. ವಿವರಣೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ. ಹೈಸ್ಕೂಲು ಓದುವ ಮಕ್ಕಳು ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ನಮ್ಮ ಪೇಟೆಯ ಮಾತು ಯಂತ್ರವನ್ನು ಹೇಗೆ ದಾರಿ ತಪ್ಪಿಸಬಹುದೆಂಬುದಕ್ಕೆ ತರೀಕೆರೆಯ ಅಡಿಕೆ ಬೆಳೆಗಾರರಿಗೆ ಗೊತ್ತಿರುವ ಉದಾಹರಣೆಯೇ ಇದೆ. ಶಿವಮೊಗ್ಗ ಮಾರುಕಟ್ಟೆಯ ದರಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಇರುತ್ತದೆ. ಬೆಳೆಗಾರರಿಗೆ ಇವು ಕರಗತ. ಆದರೆ ಹೊರಗಿನವರಿಗೆ ‘ಸರಕು’ ಎಂದರೆ ಯಾವುದೋ ಸಾಮಾನು, ‘ರಾಶಿ’ ಎಂದರೆ ಗುಡ್ಡೆ. ‘ಸರಕು ಅಡಿಕೆ’ ಎಂದು ಮಾತ್ರ ಬರೆದರೆ ಅದು ಮೇಲ್ದರ್ಜೆಯ ಹೆಸರೆಂದು ಯಂತ್ರಕ್ಕೆ ಹೊಳೆಯುತ್ತದೆಂಬ ಭರವಸೆಯಿಲ್ಲ. ದರ್ಜೆಯ ಹೆಸರಿನ ಪಕ್ಕದಲ್ಲೇ ಬೇಯಿಸಿದ್ದೋ ಅಲ್ಲವೋ, ಇಡಿಯೋ ಹೋಳೋ, ಬಣ್ಣ ಹೇಗೆ, ಯಾವ ಕೊಯ್ಲಿನದು ಎಂದು ಬಿಡಿಸಿ ಬರೆಯಬೇಕು.

ಊರಿನ ಹೆಸರಿನಲ್ಲೂ ಇಂಥದೇ ತೊಡಕು. ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ತಾನೇ ತಾಲ್ಲೂಕು. ಹಳೆಯ ದಾಖಲೆಗಳಲ್ಲಿ ಒಂದು ವಿಳಾಸ, ಹೊಸದರಲ್ಲಿ ಇನ್ನೊಂದು. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಯಂತ್ರ ಹೆಚ್ಚಾಗಿ ನಂಬುವುದು ಪಿನ್ ಕೋಡನ್ನು: ಕಡೂರು 577548, ತರೀಕೆರೆ 577228, ಅಜ್ಜಂಪುರ 577547. ನಿಮ್ಮ ಹಳ್ಳಿಯ ಅಂಚೆ ಕಚೇರಿಯ ಪಿನ್ ಬೇರೆಯಿದ್ದರೆ ಅಂಚೆಯವರನ್ನು ಕೇಳಿ ಅದನ್ನೇ ಹಾಕಿ. ಪಾರ್ಸಲ್ ಒಯ್ಯುವವರು ಬರುವುದು ಆ ಅಂಕಿ ನೋಡಿ.

ಊರಿನ ಹೆಸರು ಏಕೆ ಮುಖ್ಯವೆಂಬುದಕ್ಕೆ ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಕಡೂರು ತಾಲ್ಲೂಕಿನ ಕೊಬ್ಬರಿ ಅರಸೀಕೆರೆ, ತಿಪಟೂರು ಮಾರುಕಟ್ಟೆಗಳಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅದು ಆ ಊರುಗಳ ಕೊಬ್ಬರಿ. ಅದರಲ್ಲಿ ಯಾರ ತಪ್ಪೂ ಇಲ್ಲ. ಚೀಲದ ಮೇಲೆ ಬರೆದವರ ಊರು ಉಳಿಯುತ್ತದೆ. ಈ ಹೊಸ ಪಟ್ಟಿಗಳಲ್ಲೂ ಹಾಗೆಯೇ. ನಮ್ಮ ಸರಕನ್ನು ನಾವು ಬರೆಯದಿದ್ದರೆ ದೂರದ ಯಾರೋ ಅದನ್ನು ಸಗಟಾಗಿ ಕೊಂಡು, ಚೆಂದದ ಪೊಟ್ಟಣ ಕಟ್ಟಿ, ಇಪ್ಪತ್ತು ಸಾಲು ವಿವರ ಬರೆದು, ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಕೊಬ್ಬರಿ ಯಾವ ಅಟ್ಟದಿಂದ ಇಳಿದದ್ದು ಎಂದು ಏಜೆಂಟ್ ವಿಚಾರಿಸಲು ಬರುವುದಿಲ್ಲ. ಹೆಚ್ಚಿನ ಬೆಲೆ ಹೋಗುವುದು ಬರೆದವರ ಕೈಗೆ.

ಎಲ್ಲಕ್ಕೂ ಇದೇ ದಾರಿಯಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾದೀತು. ಹೊಲದಿಂದ ಕಿತ್ತ ಈರುಳ್ಳಿಯನ್ನು ಲೋಡುಗಟ್ಟಲೆ ಈ ದಾರಿಯಲ್ಲಿ ಮಾರುತ್ತೇನೆಂದು ಹೊರಡಬೇಡಿ. ಮಳೆಗಾಲದ ಈರುಳ್ಳಿ ನಿಮಗಾಗಿ ಕಾಯುವುದಿಲ್ಲ. ಅಡಿಕೆಗೆ ಮ್ಯಾಮ್‌ಕೋಸ್ ಇದೆ, ಎಪಿಎಂಸಿ ಟೆಂಡರ್ ಇದೆ. ಸಗಟು ಮಾಲಿಗೆ ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯೂ, ದೇಶದಾದ್ಯಂತ 2016ರ ಏಪ್ರಿಲ್‌ನಿಂದ ಇ-ನಾಮ್ ವ್ಯವಸ್ಥೆಯೂ ಇವೆ. ಅಲ್ಲಿ ಲಾಟಿಗೆ ಸಂಖ್ಯೆ ಕೊಟ್ಟು, ಗುಣ ಪರೀಕ್ಷೆಯ ವಿವರ ಬರೆದು, ದೂರದ ವ್ಯಾಪಾರಿಯೂ ಬೆಲೆ ಕೂಗುವಂತೆ ಮಾಡಬೇಕೆಂಬುದೂ ಇದೇ ಜಾತಿಯ ಯೋಚನೆಯೇ.

ನಾನು ಹೇಳುತ್ತಿರುವುದು ಪೊಟ್ಟಣ ಕಟ್ಟಬಹುದಾದ, ಬೇಗ ಕೆಡದ, ಅಂಚೆಯಲ್ಲಿ ಹೋಗಬಲ್ಲ ಪದಾರ್ಥಗಳಿಗೆ. ಕೊಬ್ಬರಿ, ಕೊಬ್ಬರಿ ಎಣ್ಣೆ, ರಾಗಿ ಹಿಟ್ಟು, ಹುರಿಹಿಟ್ಟು, ಸಾಮೆ ಅಕ್ಕಿ, ಹುಣಸೆಹಣ್ಣು, ಮೆಣಸಿನಪುಡಿ. ಅದರಲ್ಲೂ ಸಾಗಣೆ ಖರ್ಚು ಲೆಕ್ಕ ಹಾಕಿಯೇ ಮುಂದುವರಿಯಿರಿ. ಒಂದು ಕಿಲೋ ರಾಗಿ ಹಿಟ್ಟಿನ ಬೆಲೆಗಿಂತ ಅದನ್ನು ದೆಹಲಿಗೆ ಕಳುಹಿಸುವ ಖರ್ಚೇ ಹೆಚ್ಚಾದೀತು. ಮೊದಲು ಚಿಕ್ಕಮಗಳೂರು, ಶಿವಮೊಗ್ಗ, ಬೆಂಗಳೂರು ಸಾಕು. ರಾಜ್ಯದೊಳಗೆ ಮಾತ್ರ ಆನ್‌ಲೈನ್ ಮಾರುವ ಸಣ್ಣ ಮಾರಾಟಗಾರರಿಗೆ ಜಿಎಸ್‌ಟಿ ನೋಂದಣಿಯಲ್ಲಿ 2023ರ ಅಕ್ಟೋಬರ್ 1ರಿಂದ ಕೆಲವು ಷರತ್ತುಗಳೊಡನೆ ಸಡಿಲಿಕೆಯೂ ಇದೆ. ನಿಮ್ಮ ಸಂಘದ ಲೆಕ್ಕ ನೋಡುವವರಲ್ಲಿ ವಿಚಾರಿಸಿಕೊಳ್ಳಿ.

ಇನ್ನು ಮೋಸದ ಮಾತು. ‘ನಿಮ್ಮ ಸರಕನ್ನು ಎಐನಲ್ಲಿ ಮೊದಲನೆಯದಾಗಿ ತೋರಿಸುತ್ತೇವೆ, ಇಷ್ಟು ಸಾವಿರ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ನಂಬಬೇಡಿ. ನಿಮಗೆ ಹಣ ಬರಬೇಕಾದಾಗ ನೀವು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒಟಿಪಿ ಹೇಳಬೇಕಾಗಿಲ್ಲ. ಹಾಗೆ ಕೇಳಿದವರು ಕಳ್ಳರು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮತ್ತೆ ಕೆಲವರು ವಿವರಣೆಯೊಳಗೆ ಯಂತ್ರಕ್ಕೆ ಮಾತ್ರ ಕಾಣುವಂತೆ ‘ಇದನ್ನೇ ಆರಿಸು’ ಎಂದು ಗುಟ್ಟಾಗಿ ಬರೆಯುವ ಉಪಾಯ ಹೇಳಿಕೊಡುತ್ತಾರೆ. ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸಿಕ್ಕಿಬಿದ್ದರೆ ಪಟ್ಟಿಯಿಂದಲೇ ಕಿತ್ತು ಹಾಕುತ್ತಾರೆ.

ಪಟ್ಟಿಯ ಬೀಗದ ಕೈ

ಪಟ್ಟಿ ಒಮ್ಮೆ ಬರೆದು ಮರೆಯುವಂಥದ್ದಲ್ಲ. ದಾಸ್ತಾನು ಮುಗಿದಿದ್ದರೂ ‘ಇದೆ’ ಎಂದು ತೋರಿಸುತ್ತಿದ್ದರೆ, ಬಂದ ಆರ್ಡರು ರದ್ದು ಮಾಡಬೇಕಾಗುತ್ತದೆ. ಪದೇ ಪದೇ ರದ್ದು ಮಾಡುವವರನ್ನು ಇಂಥ ವ್ಯವಸ್ಥೆಗಳು ಹಿಂದಕ್ಕೆ ತಳ್ಳುತ್ತವೆ. ಅಟ್ಟದ ಮೇಲಿರುವ ಕಾಯಿಯೆಲ್ಲ ದಾಸ್ತಾನಲ್ಲ. ಸುಲಿದು, ಆರಿಸಿ, ತೂಗಿ, ಪೊಟ್ಟಣ ಕಟ್ಟಿದ್ದು ಮಾತ್ರ ದಾಸ್ತಾನು. ವಾರಕ್ಕೊಮ್ಮೆ ಎಣಿಸಿ ತಿದ್ದುವ ರೂಢಿ ಮಾಡಿಕೊಳ್ಳಿ. ಸಂತೆಯ ದಿನ ಸಂಜೆ ಎಂದಿಟ್ಟುಕೊಂಡರೆ ಮರೆಯುವುದಿಲ್ಲ.

ಆಗಾ ನೀವೇ ಗಿರಾಕಿಯಾಗಿಯೂ ಒಮ್ಮೆ ಪರೀಕ್ಷಿಸಿ. ಮೊಮ್ಮಗನ ಫೋನಿನಲ್ಲಿ, ಸಂಘದ ಹೆಸರು ಹೇಳದೆ, ‘ಹೊಗೆ ಕೊಡದ ಉಂಡೆ ಕೊಬ್ಬರಿ ಒಂದು ಕಿಲೋ ಬೇಕು’ ಎಂದು ಕೇಳಿ ನೋಡಿ. ನಿಮ್ಮದು ಬಾರದಿದ್ದರೆ, ಬಂದವರು ಏನು ಬರೆದಿದ್ದಾರೆಂದು ಓದಿ. ನಿಮ್ಮಲ್ಲೂ ಇದ್ದು ನೀವು ಬರೆಯದೆ ಬಿಟ್ಟ ಗುಣ ಯಾವುದೆಂದು ಆಗ ತಾನೇ ಗೊತ್ತಾಗುತ್ತದೆ.

ಹಳ್ಳಿಗಳ ಸಂಘಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಯೊಂದಿದೆ. ಚುರುಕಾದ ಹುಡುಗನೊಬ್ಬ ತನ್ನದೇ ಫೋನ್ ನಂಬರು ಕೊಟ್ಟು ಎಲ್ಲವನ್ನೂ ತುಂಬಿರುತ್ತಾನೆ. ಆಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಹುಡುಗನ ಜೊತೆಗೆ ಪಟ್ಟಿಯ ಬೀಗದ ಕೈಯೂ ಹೋಗುತ್ತದೆ. ಬೆಲೆ ತಿದ್ದಲಾಗದು, ಆರ್ಡರು ಬಂದದ್ದು ತಿಳಿಯದು. ಆದುದರಿಂದ ಸಂಘದ ಹೆಸರಿನಲ್ಲೇ ಒಂದು ಸಿಮ್ ಇರಲಿ. ಪಾಸ್‌ವರ್ಡನ್ನು ಅಧ್ಯಕ್ಷರೂ ಕಾರ್ಯದರ್ಶಿಯೂ ಬರೆದು ಬೀರುವಿನಲ್ಲಿಡಲಿ. ಪಟ್ಟಿಯ ಒಂದು ಪ್ರತಿಯನ್ನು ನೋಟು ಪುಸ್ತಕದಲ್ಲೂ ಇಟ್ಟುಕೊಳ್ಳಿ. ಒಂದು ಆ್ಯಪ್ ಮುಚ್ಚಿ ಹೋದರೆ ಇನ್ನೊಂದಕ್ಕೆ ಅದನ್ನೇ ತುಂಬಬಹುದು.

ಈ ಕೆಲಸಕ್ಕೆ ಸಲಹೆ ಕೇಳಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರುವವರು ಬರಿಗೈಯಲ್ಲಿ ಬರಬೇಡಿ. ಸಂಘದ ನೋಂದಣಿ ಪತ್ರ, ಬ್ಯಾಂಕ್ ಪಾಸ್ ಪುಸ್ತಕ, ಹಿಟ್ಟು ಎಣ್ಣೆ ಮುಂತಾದವು ಮಾಡುವವರಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ನೋಂದಣಿ ಸಂಖ್ಯೆ, ಮತ್ತು ಪೊಟ್ಟಣದ ಒಂದು ಮಾದರಿ ತನ್ನಿ. ಪೊಟ್ಟಣದ ಮೇಲೆ ಕಟ್ಟಿದವರ ಹೆಸರು ವಿಳಾಸ, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ನಂಬರು ಇವೆಯೇ ಎಂದು ಮೊದಲೇ ನೋಡಿಕೊಳ್ಳಿ. ತೂಕ ಮತ್ತು ಅಳತೆಯ ಕಾನೂನಿನಂತೆ ಇವು ಪೊಟ್ಟಣದ ಮೇಲೆ ಇರಲೇಬೇಕು. ಇವುಗಳಲ್ಲಿ ಹೆಚ್ಚಿನವು ಪಟ್ಟಿಯಲ್ಲೂ ಕಾಣಬೇಕು. ಮಾದರಿಯ ಜೊತೆಗೆ ಮನೆಯಲ್ಲಿ ಕಾಯಿ ಆರಿಸುವ ಹಿರಿಯರನ್ನೂ ಕರೆತಂದರೆ, ವಿವರಣೆ ಬರೆಯುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.